ದಂತವೈದ್ಯಕೀಯಕ್ಕೆ ಜೀವರಸಾಯನಶಾಸ್ತ್ರವೇ ಅಡಿಪಾಯ: ಬಿಡಿಎಸ್ ಸೇರುವ ವಿದ್ಯಾರ್ಥಿಗಳಿಗೂ ಪಾಲಕರಿಗೂ ಕೆಲವು ಮಾತು





ಅಲ್ಲಾಹನ ಅನುಗ್ರಹದಿಂದ ನಮ್ಮ ಟ್ರಸ್ಟ್‌ನ ವಿದ್ಯಾರ್ಥಿವೇತನ ಪಡೆದು ಬಿಡಿಎಸ್ ಓದುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೆಚ್ಚುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ನವೀಕರಣದ ಅರ್ಜಿಗಳನ್ನು ಪರಿಶೀಲಿಸುವಾಗ ಒಂದು ಸಂಗತಿ ನಮ್ಮನ್ನು ಮತ್ತೆ ಮತ್ತೆ ಚಿಂತೆಗೆ ಈಡುಮಾಡಿದೆ. ಮೊದಲ ವರ್ಷದಲ್ಲಿ ಉಳಿದುಕೊಂಡ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಉಳಿದದ್ದು ಹಲ್ಲಿಗೆ ನೇರವಾಗಿ ಸಂಬಂಧಿಸಿದ ವಿಷಯದಲ್ಲಿ ಅಲ್ಲ. ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದ ಪರೀಕ್ಷೆಯಲ್ಲಿ.

ಹೀಗೆ ಉಳಿದ ಒಬ್ಬ ವಿದ್ಯಾರ್ಥಿನಿ ತಂದೆಯೊಂದಿಗೆ ನಮ್ಮ ಕಚೇರಿಗೆ ಬಂದಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ತಂದೆಯದು ಚಿಕ್ಕ ವೆಲ್ಡಿಂಗ್ ಅಂಗಡಿ. ಆಕೆಗೆ ನೀಡಿದ ಮೊತ್ತ ಝಕಾತ್ ನಿಧಿಯಿಂದ ಬಂದದ್ದು, ಅಂದರೆ ನಮ್ಮ ಕೈಯಲ್ಲಿರುವ ಅಮಾನತ್. ನೆರವನ್ನು ಮುಂದುವರಿಸಬೇಕೇ ಎಂಬ ಚರ್ಚೆ ಸಮಿತಿಯಲ್ಲಿ ನಡೆಯಿತು. ಕಾರಣ ಕೇಳಿದಾಗ ಆಕೆ ಹೇಳಿದ್ದು ಇಷ್ಟು: "ನಾನು ಹಲ್ಲಿನ ಡಾಕ್ಟರ್ ಆಗಲು ಬಂದವಳು. ಕ್ರೆಬ್ಸ್ ಚಕ್ರ ಯಾಕೆ ಓದಬೇಕು ಅಂತ ಕೊನೆಯವರೆಗೂ ಅರ್ಥ ಆಗಲಿಲ್ಲ. ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಮರೆತುಹೋಯಿತು."

ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ತಕ್ಷಣ ಉತ್ತರವಿರಲಿಲ್ಲ. ಶುಲ್ಕ ಕಟ್ಟಿದೆವು, ಅಂಕಪಟ್ಟಿ ಕೇಳಿದೆವು; ನಡುವೆ ಮಗು ಏನು ಓದುತ್ತಿದೆ, ಎಲ್ಲಿ ಎಡವುತ್ತಿದೆ ಎಂದು ವಿಚಾರಿಸಲಿಲ್ಲ. ಈ ತಪ್ಪು ನಮ್ಮದು. ಸಮುದಾಯದ ದಂತವೈದ್ಯರನ್ನೂ ಜೀವರಸಾಯನಶಾಸ್ತ್ರ ಕಲಿಸುವ ಉಪನ್ಯಾಸಕರನ್ನೂ ಕೂರಿಸಿಕೊಂಡು, ಆಕೆಯ ಪ್ರಶ್ನೆಗೆ ನಾವು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ವರ್ಷ ಬಿಡಿಎಸ್ ಸೇರುವ ಮಕ್ಕಳು ಕಾಲೇಜು ಆರಂಭವಾಗುವ ಮೊದಲೇ ಇದನ್ನು ಓದಬೇಕೆಂಬುದು ನಮ್ಮ ಕೋರಿಕೆ.

ಮೊದಲ ವರ್ಷದಲ್ಲಿ ಏನಿರುತ್ತದೆ?

ಬಿಡಿಎಸ್ ನಾಲ್ಕು ವರ್ಷಗಳ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿದ ಕೋರ್ಸ್. ಭಾರತೀಯ ದಂತವೈದ್ಯಕೀಯ ಪರಿಷತ್ತು 2007ರಲ್ಲಿ ರೂಪಿಸಿದ ನಿಯಮಾವಳಿಯ ಪ್ರಕಾರ ಮೊದಲ ವರ್ಷ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರ, ಹಲ್ಲಿನ ರಚನೆ ಮತ್ತು ಬಾಯಿಯ ಅಂಗಾಂಶಗಳು ಮುಖ್ಯ ಪರೀಕ್ಷಾ ವಿಷಯಗಳು. ಜೀವರಸಾಯನಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆ ಇಲ್ಲ. ಶರೀರಕ್ರಿಯಾಶಾಸ್ತ್ರದೊಂದಿಗೆ ಸೇರಿ ಒಂದೇ ವಿಷಯ, ಎರಡು ಭಾಗ. ತೇರ್ಗಡೆಗೆ ಶೇಕಡ 50 ಅಂಕ ಬೇಕು, ಲಿಖಿತದಲ್ಲೂ ಪ್ರಾಯೋಗಿಕದಲ್ಲೂ ಪ್ರತ್ಯೇಕವಾಗಿ.

ಎಡವುವುದು ಇಲ್ಲಿಯೇ. "ಅರ್ಧ ಪತ್ರಿಕೆ ತಾನೇ, ಕೊನೆಯ ತಿಂಗಳು ನೋಡಿಕೊಳ್ಳೋಣ" ಎಂದು ಮಕ್ಕಳು ಭಾವಿಸುತ್ತಾರೆ. ವರ್ಷವಿಡೀ ಮೇಣದಲ್ಲಿ ಹಲ್ಲು ಕೆತ್ತುವ ಅಭ್ಯಾಸದಲ್ಲಿ ಕೈ ಪಳಗುತ್ತದೆ, ಮನಸ್ಸೂ ಅಲ್ಲೇ ಇರುತ್ತದೆ. ಜೀವರಸಾಯನ ಪುಸ್ತಕ ಬಿಚ್ಚುವಷ್ಟರಲ್ಲಿ ಕಿಣ್ವಗಳ ಹೆಸರುಗಳ ಕಾಡು ಎದುರಾಗುತ್ತದೆ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ.

ಹುಳುಕು ಹಲ್ಲು ಒಂದು ರಾಸಾಯನಿಕ ಕ್ರಿಯೆ

ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದ ಅತ್ಯಂತ ಗಟ್ಟಿ ವಸ್ತು. ತೂಕದಲ್ಲಿ ಅದರ ಸುಮಾರು ಶೇಕಡ 96 ಭಾಗ ಖನಿಜ. ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಅದರಲ್ಲಿರುವುದು ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸಿಲ್. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಮೂಡುವಷ್ಟರಲ್ಲಿ ಇಲ್ಲವಾಗುತ್ತವೆ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಎನಾಮೆಲ್‌ನಲ್ಲಿ ಗುಳಿ ಬಿದ್ದರೆ ದೇಹ ಅದನ್ನು ಮತ್ತೆ ಕಟ್ಟಲಾರದು.

ಇಷ್ಟು ಗಟ್ಟಿಯಾದದ್ದು ಕರಗುವುದಾದರೂ ಹೇಗೆ? ಸಕ್ಕರೆ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಅದನ್ನು ಗ್ಲೈಕೋಲಿಸಿಸ್ ಮಾರ್ಗದಲ್ಲಿ ಒಡೆದು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಇವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬುದನ್ನು 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲಿನಿಂದ ಬೇರ್ಪಡಿಸಿ ವಿವರಿಸಿದರು. ಸಕ್ಕರೆ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯ ಪಿಎಚ್ ಇಳಿಯುತ್ತದೆ. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರಲು ಆರಂಭವಾಗುತ್ತದೆ. ಪಿಎಚ್ 7ರಿಂದ 5ಕ್ಕೆ ಇಳಿಯುವುದೆಂದರೆ ಆಮ್ಲೀಯತೆ ನೂರು ಪಟ್ಟು ಹೆಚ್ಚುವುದು ಎಂದು ಪಿಯುಸಿಯಲ್ಲಿ ಓದಿದ್ದು ನೆನಪಿರಲಿ. ನಂತರ ಜೊಲ್ಲಿನಲ್ಲಿರುವ ಬೈಕಾರ್ಬನೇಟ್ ಬಫರ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪಿಎಚ್ ಮೇಲೇರಿ, ಜೊಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎನಾಮೆಲ್‌ಗೆ ಮರಳುತ್ತವೆ. ಈ ಏರಿಳಿತದ ರೇಖೆಗೆ ಸ್ಟೀಫನ್ ವಕ್ರರೇಖೆ ಎಂದು ಹೆಸರು.

ಗುಳಿ ಬೀಳುವ ಮೊದಲು ಕರಗುವಿಕೆ ಮತ್ತು ಮರುಜೋಡಣೆಯ ನಡುವೆ ದಿನವೂ ಹೀಗೆ ಜಗ್ಗಾಟ ನಡೆಯುತ್ತದೆ. ಮಗು ದಿನಕ್ಕೆ ಹತ್ತು ಸಲ ಚಾಕೊಲೇಟ್ ತಿಂದರೆ ಮರುಜೋಡಣೆಗೆ ಸಮಯವೇ ಸಿಗದು. ಒಟ್ಟು ಎಷ್ಟು ಸಕ್ಕರೆ ತಿಂದರು ಎಂಬುದರ ಜೊತೆಗೆ ಎಷ್ಟು ಸಲ ತಿಂದರು ಎಂದು ದಂತವೈದ್ಯರು ಕೇಳುವುದು ಇದಕ್ಕಾಗಿಯೇ. ರಮಝಾನಿನಲ್ಲಿ ಹಗಲೆಲ್ಲ ಬಾಯಿ ಒಣಗಿ ಜೊಲ್ಲು ಕಡಿಮೆಯಾಗಿರುತ್ತದೆ. ಇಫ್ತಾರ್‌ನಿಂದ ಸಹರಿಯವರೆಗೆ ಶರಬತ್ತು, ಸಿಹಿತಿಂಡಿಯನ್ನು ಆಗಾಗ ಬಾಯಿಗೆ ಹಾಕುತ್ತ, ಹಲ್ಲುಜ್ಜದೆ ಮಲಗಿದರೆ ಏನಾಗುತ್ತದೆ ಎಂಬುದನ್ನು ಈ ಪಾಠ ಓದಿದ ವಿದ್ಯಾರ್ಥಿ ತನ್ನ ಮನೆಯವರಿಗೆ ವಿವರಿಸಬಲ್ಲ. ಪ್ರತಿ ನಮಾಝಿಗೂ ಮಿಸ್ವಾಕ್ ಬಳಸುವುದಕ್ಕೆ ಪ್ರವಾದಿವರ್ಯರು(ಸ) ಎಷ್ಟು ಒತ್ತು ಕೊಟ್ಟಿದ್ದರು ಎಂಬುದು ನಮಗೆಲ್ಲ ಗೊತ್ತು. ಹಲ್ಲಿನ ಪಾಚಿಯನ್ನು ದಿನಕ್ಕೆ ಹಲವು ಬಾರಿ ಉಜ್ಜಿ ತೆಗೆದರೆ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ನೆಲೆಯೂರಲು ಅವಕಾಶ ಸಿಗುವುದಿಲ್ಲ.

ಇಲ್ಲಿಯವರೆಗೆ ಬಂದ ಗ್ಲೈಕೋಲಿಸಿಸ್, ಪಿಎಚ್, ಬಫರ್, ಕರಗುವಿಕೆ ಇವೆಲ್ಲ ಜೀವರಸಾಯನಶಾಸ್ತ್ರದ ಅಧ್ಯಾಯಗಳೇ. ಹಲ್ಲಿನ ಹೆಸರು ಪುಸ್ತಕದಲ್ಲಿ ಅಪರೂಪವಾಗಿ ಬರಬಹುದು. ನಡೆಯುತ್ತಿರುವುದು ಹಲ್ಲಿನ ಮೇಲೆಯೇ.

ಫ್ಲೋರೈಡ್: ಒಂದೇ ವಸ್ತು, ಎರಡು ಮುಖ

ರಕ್ತದ ಸಕ್ಕರೆ ಪರೀಕ್ಷೆಗೆ ಲ್ಯಾಬ್‌ನಲ್ಲಿ ಬಳಸುವ ಕೊಳವೆಯಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಅದಿಲ್ಲದಿದ್ದರೆ ಕೊಳವೆಯೊಳಗಿನ ರಕ್ತಕಣಗಳೇ ಸಕ್ಕರೆಯನ್ನು ಬಳಸಿಕೊಂಡು ಫಲಿತಾಂಶ ತಪ್ಪಾಗುತ್ತದೆ. ಫ್ಲೋರೈಡ್ ಗ್ಲೈಕೋಲಿಸಿಸ್‌ನ ಎನೊಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಇದು ಪರೀಕ್ಷೆಯಲ್ಲಿ ಪದೇಪದೇ ಬರುವ ಪ್ರಶ್ನೆ. ನಿಮ್ಮ ಟೂತ್‌ಪೇಸ್ಟ್‌ನ ಫ್ಲೋರೈಡ್ ಬಾಯಿಯ ಬ್ಯಾಕ್ಟೀರಿಯಾದಲ್ಲಿಯೂ ಇದೇ ಕಿಣ್ವವನ್ನು ತಡೆದು ಆಮ್ಲದ ತಯಾರಿಯನ್ನು ತಗ್ಗಿಸುತ್ತದೆ. ಜೊತೆಗೆ ಹೈಡ್ರಾಕ್ಸಿಅಪಟೈಟ್‌ನಲ್ಲಿ ಹೈಡ್ರಾಕ್ಸಿಲ್ ಇದ್ದ ಜಾಗದಲ್ಲಿ ತಾನು ಕೂತು ಫ್ಲೋರಪಟೈಟ್ ಆಗುತ್ತದೆ. ಇದು ಕರಗಬೇಕಾದರೆ ಪಿಎಚ್ ಸುಮಾರು 4.5ಕ್ಕೆ ಇಳಿಯಬೇಕು, ಅಂದರೆ ಹೆಚ್ಚು ಆಮ್ಲವನ್ನು ತಡೆದುಕೊಳ್ಳಬಲ್ಲದು.

ಆದರೆ ನಮ್ಮ ರಾಜ್ಯದ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ರಾಯಚೂರು ಮುಂತಾದ ಕಡೆಯ ಮಕ್ಕಳ ಹಲ್ಲಿನಲ್ಲಿ ಕಂದು ಕಲೆಗಳನ್ನು ಕಾಣುತ್ತೇವೆ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ಮೂಲ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಎನಾಮೆಲ್ ರೂಪುಗೊಳ್ಳುವ ಬಾಲ್ಯದ ವರ್ಷಗಳಲ್ಲಿ ಇದಕ್ಕಿಂತ ಹೆಚ್ಚು ಫ್ಲೋರೈಡ್ ದೇಹಕ್ಕೆ ಹೋದರೆ, ಎನಾಮೆಲ್ ಗಟ್ಟಿಯಾಗುವಾಗ ಹೊರಹೋಗಬೇಕಾದ ಪ್ರೋಟೀನುಗಳು ಒಳಗೇ ಉಳಿಯುತ್ತವೆ. ಎನಾಮೆಲ್ ಸಚ್ಛಿದ್ರವಾಗಿ, ಮುಂದೆ ಬಣ್ಣ ಹೀರಿ ಕಂದಾಗುತ್ತದೆ. ಆ ಹುಡುಗಿಗೆ "ಹಲ್ಲುಜ್ಜುವುದಿಲ್ಲವೇ?" ಎಂದು ಗದರುವುದು ಅನ್ಯಾಯ. ಅದು ಕೊಳೆ ಅಲ್ಲ, ಅವಳು ಕುಡಿದ ನೀರಿನ ಗುರುತು. ಇದನ್ನು ಬಲ್ಲ ದಂತವೈದ್ಯೆ ಅವಳ ಊರಿನ ನೀರಿನ ಬಗ್ಗೆ ವಿಚಾರಿಸುತ್ತಾಳೆ.

ವಸಡು, ಅಡಿಕೆ ಮತ್ತು ಕೊಲಾಜೆನ್

ಎನಾಮೆಲ್‌ನ ಒಳಗಿನ ಡೆಂಟಿನ್, ಹಲ್ಲನ್ನು ದವಡೆಗೆ ಕಟ್ಟಿಹಿಡಿಯುವ ನಾರುಗಳು, ವಸಡು, ಕೆನ್ನೆಯ ಒಳಪದರದ ಕೆಳಗಿನ ಅಂಗಾಂಶ ಇವೆಲ್ಲದರ ಮುಖ್ಯ ಪ್ರೋಟೀನು ಕೊಲಾಜೆನ್. ಮೂರು ಎಳೆಗಳನ್ನು ಹಗ್ಗದಂತೆ ಹೊಸೆದ ರಚನೆ ಅದರದು. ಆ ಹೊಸೆತ ಬಿಗಿಯಾಗಬೇಕಾದರೆ ಪ್ರೋಲಿನ್ ಮತ್ತು ಲೈಸಿನ್ ಎಂಬ ಅಮೈನೊ ಆಮ್ಲಗಳಿಗೆ ಹೈಡ್ರಾಕ್ಸಿಲ್ ಗುಂಪು ಸೇರಬೇಕು; ಅದಕ್ಕೆ ವಿಟಮಿನ್ ಸಿ ಬೇಕು. ವಿಟಮಿನ್ ಸಿ ಇಲ್ಲದಿದ್ದರೆ ಹಗ್ಗ ಸಡಿಲ. ವಸಡು ಊದಿ ರಕ್ತ ಒಸರುತ್ತದೆ, ಹಲ್ಲು ಅಲುಗುತ್ತದೆ. ಇದೇ ಸ್ಕರ್ವಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಳೆ ಮತ್ತು ನಿಂಬೆ ಕೊಟ್ಟು ನಾವಿಕರನ್ನು ಗುಣಪಡಿಸಿದಾಗ ಕಾರಣ ಗೊತ್ತಿರಲಿಲ್ಲ. ಇಂದು ನೀವು ಅದನ್ನು ಅರ್ಧ ಪುಟದಲ್ಲಿ ಬರೆಯಬಲ್ಲಿರಿ.

ಇದೇ ಕೊಲಾಜೆನ್ ಅತಿಯಾದರೂ ತೊಂದರೆಯೇ. ಕರಾವಳಿ, ಮಲೆನಾಡಿನ ಅಡಿಕೆ ನಮ್ಮ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟ ಬೆಳೆ. ಅದೇ ಅಡಿಕೆಯನ್ನು, ವಿಶೇಷವಾಗಿ ಗುಟ್ಕಾ ಮತ್ತು ಪಾನ್ ಮಸಾಲೆಯ ರೂಪದಲ್ಲಿ, ದಿನವಿಡೀ ಬಾಯಿಯಲ್ಲಿಟ್ಟುಕೊಳ್ಳುವ ಯುವಕರಲ್ಲಿ ಕೆನ್ನೆ ಬಿಗಿದು ಬಾಯಿ ತೆರೆಯದಂತಾಗುವ ಕಾಯಿಲೆ ಬರುತ್ತದೆ. ಅಡಿಕೆಯ ಅರೆಕೊಲಿನ್ ಎಂಬ ಅಂಶ ಕೊಲಾಜೆನ್ ತಯಾರಿಯನ್ನು ಪ್ರಚೋದಿಸುತ್ತದೆ. ಅಡಿಕೆಯಲ್ಲಿ ಧಾರಾಳವಾಗಿರುವ ತಾಮ್ರವು, ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಕಿಣ್ವಕ್ಕೆ ಬಲ ಕೊಡುತ್ತದೆ. ಬೆಸೆದ ಎಳೆ ಸುಲಭವಾಗಿ ಕರಗದು, ಕೆನ್ನೆ ಹಲಗೆಯಂತಾಗುತ್ತದೆ. ಈ ಸ್ಥಿತಿ ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ಬಾಯಿಗೆ ಎರಡು ಬೆರಳು ಹೋಗದ ಯುವಕನ ಮುಂದೆ ಕೂತಾಗ, ಮೊದಲ ವರ್ಷ ಬಾಯಿಪಾಠ ಮಾಡಿ ಮರೆತ ಕಿಣ್ವದ ಹೆಸರು ಅಲ್ಲಿ ಜೀವ ಪಡೆಯುತ್ತದೆ.

ಹಲ್ಲು ಕೀಳುವ ಮುನ್ನ

ದಂತವೈದ್ಯರ ಕುರ್ಚಿಯಲ್ಲಿ ಕೂರುವುದು ಬರಿಯ ಹಲ್ಲಲ್ಲ, ಇಡೀ ಮನುಷ್ಯ. ಸಕ್ಕರೆ ಕಾಯಿಲೆ ಇರುವವರ ಹಲ್ಲು ಕೀಳುವ ಮೊದಲು ಎಚ್‌ಬಿಎ1ಸಿ ವರದಿ ನೋಡುತ್ತಾರೆ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆ ಅವಧಿಯಲ್ಲಿ ಹಿಮೊಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯ ಪ್ರಮಾಣ ಕಳೆದ ಎರಡು ಮೂರು ತಿಂಗಳ ಕಥೆ ಹೇಳುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ಕಾಯಿಲೆ ಉಲ್ಬಣಿಸುತ್ತದೆ, ಗಾಯ ಬೇಗ ಮಾಯುವುದಿಲ್ಲ. ವಸಡಿನ ಸೋಂಕು ಉಳಿದರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ.

ಹೃದಯದ ಕವಾಟ ಬದಲಿಸಿಕೊಂಡ ಹಿರಿಯರು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಅದು ವಿಟಮಿನ್ ಕೆ ಕೆಲಸ ಮಾಡದಂತೆ ತಡೆದು ರಕ್ತ ಹೆಪ್ಪುಗಟ್ಟಿಸುವ 2, 7, 9 ಮತ್ತು 10ನೆಯ ಅಂಶಗಳನ್ನು ಕುಗ್ಗಿಸುತ್ತದೆ. ಇದನ್ನು ಕೇಳಿ ತಿಳಿಯದೆ ಹಲ್ಲು ಕಿತ್ತರೆ ರಕ್ತ ನಿಲ್ಲಿಸುವುದು ಕಷ್ಟವಾಗಬಹುದು. ಕೀವು ತುಂಬಿದ ಹಲ್ಲಿಗೆ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯದಿರುವುದಕ್ಕೂ ಪಿಎಚ್ ಒಂದು ಕಾರಣ: ಸೋಂಕಾದ ಅಂಗಾಂಶ ಆಮ್ಲೀಯವಾಗಿದ್ದು, ಅಲ್ಲಿ ಔಷಧದ ಹೆಚ್ಚು ಪಾಲು ವಿದ್ಯುದಾವೇಶ ಪಡೆದು ನರದ ಪೊರೆಯನ್ನು ದಾಟಲಾಗದೆ ಉಳಿಯುತ್ತದೆ.

ಎರಡನೆಯ ವರ್ಷದ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳೂ ಕೊನೆಯ ವರ್ಷದ ವಸಡಿನ ಚಿಕಿತ್ಸೆ, ಮಕ್ಕಳ ದಂತಚಿಕಿತ್ಸೆಗಳೂ ಇದರ ಮೇಲೆಯೇ ನಿಂತಿವೆ. ಅಡಿಪಾಯ ಎಂದು ನಾವು ಕರೆದದ್ದು ಈ ಅರ್ಥದಲ್ಲಿ.

ಹೇಗೆ ಓದಬೇಕು?

ನಮ್ಮ ಸಲಹೆಗಾರರು ಹೇಳಿದ್ದನ್ನು ಕ್ರಮವಾಗಿ ಕೊಡುತ್ತಿದ್ದೇವೆ.

1. ನೀಟ್ ಮುಗಿದು ಸೀಟು ಹಂಚಿಕೆ ಆಗುವವರೆಗಿನ ಬಿಡುವನ್ನು ಬಳಸಿಕೊಳ್ಳಿ. ಹಳೆಯ ಪಿಯುಸಿ ಪುಸ್ತಕಗಳನ್ನು ಮಾರಬೇಡಿ. ಪ್ರಥಮ ಪಿಯುಸಿ ಜೀವಶಾಸ್ತ್ರದ ಜೈವಿಕ ಅಣುಗಳು ಮತ್ತು ಸಸ್ಯಗಳಲ್ಲಿ ಉಸಿರಾಟ, ಪ್ರಥಮ ಪಿಯುಸಿ ರಸಾಯನಶಾಸ್ತ್ರದ ಸಮತೋಲನ, ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಜೈವಿಕ ಅಣುಗಳು: ಈ ನಾಲ್ಕು ಅಧ್ಯಾಯಗಳನ್ನು ಮತ್ತೊಮ್ಮೆ ಓದಿದರೆ ಮೊದಲ ವರ್ಷದ ಪುಸ್ತಕ ಅಪರಿಚಿತ ಎನಿಸದು.

2. ಎರಡು ಪುಟದ ಪದ್ಧತಿಯಲ್ಲಿ ಟಿಪ್ಪಣಿ ಬರೆಯಿರಿ. ಎಡಪುಟದಲ್ಲಿ ಪಾಠ, ಬಲಪುಟದಲ್ಲಿ "ಇದು ಬಾಯಿಯಲ್ಲಿ ಎಲ್ಲಿ ಕಾಣುತ್ತದೆ?" ಎಂಬ ಪ್ರಶ್ನೆಗೆ ಉತ್ತರ. ಅಮೈಲೇಸ್ ಕಿಣ್ವ ಓದಿದ ದಿನ ಒಂದು ಹಿಡಿ ಮಂಡಕ್ಕಿಯನ್ನು ನಿಧಾನವಾಗಿ ಅಗಿದು ನೋಡಿ. ಅದು ಸಿಹಿಯಾಗುವುದು ಜೊಲ್ಲು ಪಿಷ್ಟವನ್ನು ಮಾಲ್ಟೋಸ್ ಆಗಿ ಒಡೆಯುವುದರಿಂದ.

3. ಕನ್ನಡ ಮಾಧ್ಯಮದಿಂದ ಬಂದವರು ಸಂಕೋಚಪಡಬೇಡಿ. ಮೊದಲು ಕನ್ನಡದಲ್ಲಿ ನಾಲ್ಕು ವಾಕ್ಯ ಬರೆದು ವಿಷಯವನ್ನು ಅರ್ಥ ಮಾಡಿಕೊಳ್ಳಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಅರ್ಥವಾದದ್ದಕ್ಕೆ ಭಾಷೆ ಒದಗುತ್ತದೆ. ಅರ್ಥವಾಗದ್ದನ್ನು ಕಂಠಪಾಠ ಮಾಡಿದರೆ ಒಂದು ಪದ ಮರೆತಾಗ ಎಲ್ಲವೂ ಹೋಗುತ್ತದೆ.

4. ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನವನ್ನು ಜೊತೆಯಾಗಿ ಓದಿ. ಕ್ಯಾಲ್ಸಿಯಂ ನಿಯಂತ್ರಣ, ವಿಟಮಿನ್ ಡಿ, ಇನ್ಸುಲಿನ್, ರಕ್ತ ಹೆಪ್ಪುಗಟ್ಟುವಿಕೆ ಎರಡರಲ್ಲೂ ಬರುತ್ತವೆ. ಒಮ್ಮೆ ಓದಿದ್ದು ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

5. ಪ್ರಾಯೋಗಿಕ ತರಗತಿ ತಪ್ಪಿಸಬೇಡಿ. ಬೆನೆಡಿಕ್ಟ್ ಪರೀಕ್ಷೆಯಲ್ಲಿ ನೀಲಿ ದ್ರಾವಣ ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ. ಪ್ರಾಯೋಗಿಕದಲ್ಲಿಯೂ ಪ್ರತ್ಯೇಕವಾಗಿ ತೇರ್ಗಡೆಯಾಗಲೇಬೇಕು.

ಪಾಲಕರು ಕೇಳುವ ಒಂದು ಪ್ರಶ್ನೆಗೂ ಉತ್ತರಿಸುತ್ತೇವೆ. ಮೊದಲು ಜೀವರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮಾಡಿಸಿ ನಂತರ ಬಿಡಿಎಸ್ ಸೇರಿಸಬಹುದೇ ಎಂದು ಕೆಲವರು ವಿಚಾರಿಸುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಪದವಿಯ ನಂತರವೇ ದಂತವೈದ್ಯಕೀಯ. ಇಲ್ಲಿ ಹಾಗಲ್ಲ, ಪಿಯುಸಿ ವಿಜ್ಞಾನದ ನಂತರ ನೀಟ್ ಮೂಲಕವೇ ಪ್ರವೇಶ. ಬಿಎಸ್ಸಿ ಇದ್ದರೂ ನೀಟ್ ಬರೆಯಲೇಬೇಕು. ಬಿಡಿಎಸ್‌ಗಾಗಿ ಬಿಎಸ್ಸಿ ಬೇಕಿಲ್ಲ. ಸೀಟು ಸಿಗದ ಮಕ್ಕಳಿಗೆ ಮಾತ್ರ ಜೀವರಸಾಯನಶಾಸ್ತ್ರದ ಪದವಿ ತನ್ನಷ್ಟಕ್ಕೆ ಗೌರವದ ದಾರಿ: ಎಂಎಸ್ಸಿ, ಸಂಶೋಧನೆ, ಬೋಧನೆ, ಔಷಧ ಮತ್ತು ಆಹಾರ ಉದ್ಯಮ ಅವರಿಗೆ ತೆರೆದಿವೆ. ಈ ಕೋರ್ಸಿಗೂ ನಮ್ಮ ಟ್ರಸ್ಟ್ ನೆರವು ನೀಡುತ್ತದೆ.

ದಾನಿಗಳಲ್ಲಿ ಒಂದು ಮಾತು

ಭಾರತದ ಮೊದಲ ದಂತವೈದ್ಯಕೀಯ ಕಾಲೇಜನ್ನು 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದವರು ಡಾ. ರಫೀಉದ್ದೀನ್ ಅಹ್ಮದ್. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದು ಊರಿಗೆ ಮರಳಿದ ಅವರು, ಕಾಲೇಜಿನ ಖರ್ಚಿಗಾಗಿ ಕಲ್ಕತ್ತೆಯಲ್ಲಿ ಸೋಡಾ ಪಾನೀಯದ ಅಂಗಡಿಯನ್ನೂ ನಡೆಸಿದರು. ಕಟ್ಟಿ ಬೆಳೆಸಿದ ಕಾಲೇಜನ್ನು 1949ರಲ್ಲಿ ಸರಕಾರಕ್ಕೆ ಒಪ್ಪಿಸಿದರು. 1964ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅವರ ಜನ್ಮದಿನವಾದ ಡಿಸೆಂಬರ್ 24ನ್ನು ದೇಶದಲ್ಲಿ ದಂತವೈದ್ಯರ ದಿನವಾಗಿ ಆಚರಿಸುತ್ತಾರೆ. ನಿಮ್ಮ ಝಕಾತ್ ಮತ್ತು ಸದಕಾದಿಂದ ಓದುವ ಮಗು ಒಂದು ವರ್ಷ ಕಳೆದುಕೊಂಡರೆ, ಆ ಹಣ ಇನ್ನೊಂದು ಮಗುವಿಗೆ ತಲುಪುವುದು ಒಂದು ವರ್ಷ ತಡವಾಗುತ್ತದೆ. ಆದ್ದರಿಂದ ಇನ್ನು ಮುಂದೆ ಶುಲ್ಕದ ಜೊತೆಗೆ ಮೊದಲ ವರ್ಷದ ಪುಸ್ತಕಗಳಿಗೂ ಪ್ರತಿ ವಿದ್ಯಾರ್ಥಿಗೆ ಒಬ್ಬ ಹಿರಿಯ ಮಾರ್ಗದರ್ಶಕರಿಗೂ ವ್ಯವಸ್ಥೆ ಮಾಡಲು ಸಮಿತಿ ನಿರ್ಧರಿಸಿದೆ. ಸಮುದಾಯದ ದಂತವೈದ್ಯರು, ಉಪನ್ಯಾಸಕರು ತಿಂಗಳಿಗೆ ಒಂದು ಸಂಜೆ ಕೊಟ್ಟರೆ ಅದೂ ದೊಡ್ಡ ಸದಕಾ.

ಅರ್ಜಿದಾರರ ಗಮನಕ್ಕೆ

ಬಿಡಿಎಸ್‌ಗೆ ಹೊಸದಾಗಿ ಅರ್ಜಿ ಸಲ್ಲಿಸುವವರು ನೀಟ್ ಅಂಕಪತ್ರ, ಸೀಟು ಹಂಚಿಕೆ ಪತ್ರ, ಶುಲ್ಕದ ರಸೀದಿ, ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಹಾಗೂ ಜಮಾಅತ್‌ನ ಪತ್ರವನ್ನು ಲಗತ್ತಿಸಬೇಕು. ನವೀಕರಣಕ್ಕೆ ಲಿಖಿತ ಮತ್ತು ಪ್ರಾಯೋಗಿಕ ಅಂಕಗಳಿರುವ ಅಂಕಪಟ್ಟಿ ಕಡ್ಡಾಯ. ಒಂದು ವಿಷಯದಲ್ಲಿ ಉಳಿದ ಕಾರಣಕ್ಕೆ ನೆರವನ್ನು ತಾನಾಗಿಯೇ ನಿಲ್ಲಿಸುವುದಿಲ್ಲ. ಆದರೆ ಫಲಿತಾಂಶ ಬಂದ ಕೂಡಲೇ ನಮಗೆ ತಿಳಿಸಬೇಕು. ಮುಚ್ಚಿಡುವುದರಿಂದ ನಷ್ಟ ನಿಮಗೇ. ಓದು ಕಷ್ಟವಾಗುತ್ತಿದ್ದರೆ ಪರೀಕ್ಷೆಯವರೆಗೆ ಕಾಯಬೇಡಿ, ಮೊದಲ ಆಂತರಿಕ ಪರೀಕ್ಷೆಯ ನಂತರವೇ ಕಚೇರಿಗೆ ಬನ್ನಿ. ಕೊನೆಯ ದಿನಾಂಕ ಮತ್ತು ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿವೆ.

ಆರಂಭದಲ್ಲಿ ಹೇಳಿದ ವಿದ್ಯಾರ್ಥಿನಿಗೆ ನೆರವು ಮುಂದುವರಿಸಿದೆವು. ಮತ್ತೆ ಬರೆದ ಪರೀಕ್ಷೆಯಲ್ಲಿ ಆಕೆ ತೇರ್ಗಡೆಯಾದಳು, ಅಲ್‌ಹಮ್ದುಲಿಲ್ಲಾಹ್. ಎರಡು ಪುಟದ ಆಕೆಯ ಟಿಪ್ಪಣಿ ಪುಸ್ತಕ ಈಗ ನಮ್ಮ ಕಚೇರಿಯಲ್ಲಿದೆ. ಹೊಸದಾಗಿ ಸೇರುವವರು ಬಂದು ನೋಡಬಹುದು, ಬೇಕಾದ ಪುಟಗಳ ಪ್ರತಿ ಮಾಡಿಕೊಳ್ಳಬಹುದು. ಅಲ್ಲಾಹನು ನಿಮ್ಮ ಜ್ಞಾನವನ್ನು ಹೆಚ್ಚಿಸಲಿ, ಅದನ್ನು ಜನರಿಗೆ ಉಪಯುಕ್ತವಾಗಿಸಲಿ. ಆಮೀನ್.

ವಿದ್ಯಾರ್ಥಿವೇತನ ಸಮಿತಿ